ಇಂಗ್ಲೆಂಡಿನ ಡಿಸ್ಟ್ರಿಕ್ಟ್ ಕೌನ್ಸಿಲ್ ಫಲಿತಾಂಶವನ್ನು ಶಿರಸಿಯಲ್ಲಿ ಕುಳಿತು ಓದುವ ಕ್ರಮ

ನಮ್ಮ ಶಿರಸಿ, ಸಿದ್ದಾಪುರ, ಕುಮಟಾ ಕಡೆಯ ಎಷ್ಟೋ ಮನೆಗಳ ಮಕ್ಕಳು ಈಗ ಇಂಗ್ಲೆಂಡಿನಲ್ಲಿ ಓದುತ್ತಿದ್ದಾರೆ, ಕೆಲಸ ಮಾಡುತ್ತಿದ್ದಾರೆ. ಅವರು ಭಾರತದ ಪೌರರಾಗಿಯೇ ಉಳಿದಿದ್ದರೂ, ಭಾರತ ಕಾಮನ್‌ವೆಲ್ತ್ ದೇಶವಾದ ಕಾರಣ, ಅಲ್ಲಿ ವಾಸಿಸಲು ಅನುಮತಿ ಇದ್ದು 18 ವರ್ಷ ತುಂಬಿದ್ದರೆ ಮತದಾರರ ಪಟ್ಟಿಗೆ ಹೆಸರು ಸೇರಿಸಿ ಸ್ಥಳೀಯ ಚುನಾವಣೆಯಲ್ಲಿ ಮತ ಹಾಕಬಹುದು. ನನ್ನ ಮಗಳು ಹಾಗೆ ಮೊದಲ ಸಲ ಮತ ಹಾಕಿ ಬಂದ ಮರುದಿನ ತನ್ನ ವಾರ್ಡಿನ ಫಲಿತಾಂಶದ ಹಾಳೆಯನ್ನು ನನಗೆ ಕಳಿಸಿದಳು. ಮೇ ತಿಂಗಳು; ಅಂಗಳದಲ್ಲಿ ಹಲಸಿನ ಹಪ್ಪಳ ಒಣಗುತ್ತಿತ್ತು. ಜಗಲಿಯಲ್ಲಿ ಕುಳಿತು ಅಭ್ಯರ್ಥಿಗಳ ಮತಗಳನ್ನೆಲ್ಲ ಕೂಡಿ ನೋಡಿದರೆ, ಮತ ಹಾಕಿದವರ ಸಂಖ್ಯೆಯ ಎರಡೂವರೆ ಪಟ್ಟಿಗಿಂತಲೂ ಹೆಚ್ಚು ಬಂತು. ಎಣಿಕೆಯಲ್ಲಿ ಅಕ್ರಮ ನಡೆದಿದೆಯೆಂದೇ ಆ ಹೊತ್ತಿಗೆ ನಂಬಿದೆ. ಹಾಳೆ ಸರಿಯಾಗಿಯೇ ಇತ್ತು. ನಾನು ಅದನ್ನು ಓದಿದ ಕ್ರಮ ಸರಿಯಿರಲಿಲ್ಲ. ಅದೇ ಗೊಂದಲ ಇನ್ನೊಬ್ಬ ತಂದೆ-ತಾಯಿಗೆ ಆಗದಿರಲೆಂದು, ಅಂಥ ಹಾಳೆಯನ್ನು ಯಾವ ಕ್ರಮದಲ್ಲಿ ಓದಬೇಕೆಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಯಾವ ಮಟ್ಟದ ಕೌನ್ಸಿಲ್ ಎಂಬುದನ್ನು ಮೊದಲು ಗುರುತಿಸಿ

ಡಿಸ್ಟ್ರಿಕ್ಟ್ ಎಂಬ ಮಾತನ್ನು ಕೇಳಿದೊಡನೆ ನಮಗೆ ಜಿಲ್ಲಾ ಪಂಚಾಯಿತಿ ನೆನಪಾಗುತ್ತದೆ. ಈ ಹೋಲಿಕೆಯನ್ನು ಮೊದಲೇ ಬಿಟ್ಟುಬಿಡಬೇಕು. 1972ರ ಸ್ಥಳೀಯ ಆಡಳಿತ ಕಾಯ್ದೆಯ ಪ್ರಕಾರ 1974ರ ಏಪ್ರಿಲ್ 1ರಿಂದ ಜಾರಿಗೆ ಬಂದ ವ್ಯವಸ್ಥೆಯಲ್ಲಿ ಮೇಲಿನ ಮಟ್ಟದಲ್ಲಿ ಕೌಂಟಿ ಕೌನ್ಸಿಲ್, ಅದರ ಕೆಳಗೆ ಡಿಸ್ಟ್ರಿಕ್ಟ್ ಕೌನ್ಸಿಲ್, ಬಹಳಷ್ಟು ಕಡೆ ಅದಕ್ಕೂ ಕೆಳಗೆ ಪ್ಯಾರಿಷ್ ಕೌನ್ಸಿಲ್ ಇರುತ್ತವೆ. ನಮ್ಮ ಲೆಕ್ಕದಲ್ಲಿ ಕೌಂಟಿಯೇ ಜಿಲ್ಲೆ, ಡಿಸ್ಟ್ರಿಕ್ಟ್ ಎಂದರೆ ಹೆಚ್ಚುಕಡಿಮೆ ತಾಲೂಕು, ಪ್ಯಾರಿಷ್ ಎಂದರೆ ಗ್ರಾಮ ಪಂಚಾಯಿತಿ. ಶಾಲೆ, ರಸ್ತೆ, ವೃದ್ಧರ ಆರೈಕೆ, ಗ್ರಂಥಾಲಯ ಇವು ಕೌಂಟಿಯ ಹೊಣೆ. ಮನೆ ಮನೆಯ ಕಸ ಒಯ್ಯುವುದು, ಕಟ್ಟಡದ ಪರವಾನಗಿ, ವಸತಿ, ಕೌನ್ಸಿಲ್ ಟ್ಯಾಕ್ಸ್ ವಸೂಲಿ ಇವು ಡಿಸ್ಟ್ರಿಕ್ಟಿನ ಹೊಣೆ. ಹಾಗಾಗಿ ಡಿಸ್ಟ್ರಿಕ್ಟ್ ಫಲಿತಾಂಶವನ್ನು ನೋಡಿ, ಮೊಮ್ಮಗುವಿನ ಶಾಲೆಗೆ ಇದರಿಂದ ಏನಾಗುತ್ತದೆ ಎಂದು ಕೇಳುವುದರಲ್ಲಿ ಅರ್ಥವಿಲ್ಲ.

ಹೆಸರುಗಳೂ ದಾರಿ ತಪ್ಪಿಸುತ್ತವೆ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ನಗರಗಳವು ಸಿಟಿ ಕೌನ್ಸಿಲ್‌ಗಳೆಂದು ಕರೆಸಿಕೊಂಡರೂ ಅಧಿಕಾರದಲ್ಲಿ ಡಿಸ್ಟ್ರಿಕ್ಟ್ ಕೌನ್ಸಿಲ್‌ಗಳೇ. ಬೋರೋ ಎಂಬ ಹೆಸರಿರುವ ಇನ್ನೂ ಅನೇಕ ಕೌನ್ಸಿಲ್‌ಗಳೂ ಹಾಗೆಯೇ. ಲಂಡನ್ನಿನ 32 ಬೋರೋಗಳಂಥವು ಬೇರೆ ಜಾತಿಯವು.

ಎಷ್ಟು ಸೀಟಿಗೆ ಚುನಾವಣೆ ನಡೆಯಿತು ಎಂಬುದನ್ನು ನೋಡಿ

ಮತದಾನ ನಡೆಯುವುದು ಸಾಮಾನ್ಯವಾಗಿ ಮೇ ತಿಂಗಳ ಮೊದಲ ಗುರುವಾರ, ಬೆಳಗಿನ 7ರಿಂದ ರಾತ್ರಿ 10ರವರೆಗೆ. ಅಲ್ಲಿ ರಾತ್ರಿ 10 ಆದಾಗ ನಮ್ಮಲ್ಲಿ ಶುಕ್ರವಾರ ನಸುಕಿನ 2.30. ಕೆಲವು ಕೌನ್ಸಿಲ್‌ಗಳು ರಾತ್ರಿಯೇ ಎಣಿಸುತ್ತವೆ, ಹಲವು ಶುಕ್ರವಾರ ಹಗಲು ಎಣಿಸುತ್ತವೆ. ಆದ್ದರಿಂದ ನಿದ್ದೆಗೆಟ್ಟು ಕಾಯುವ ಅಗತ್ಯವಿಲ್ಲ. ಶುಕ್ರವಾರ ಸಂಜೆಯ ಚಹಾದ ಹೊತ್ತಿಗೆ ನೋಡಿದರೆ ಸಾಕಷ್ಟು ಫಲಿತಾಂಶ ಬಂದಿರುತ್ತದೆ.

2018ರ ಆಗಸ್ಟ್ 31ರಂದು ಕಾರವಾರ, ಶಿರಸಿ ನಗರಸಭೆಗಳಿಗೆ ಮತದಾನವಾದಾಗ ಎರಡೂ ಕಡೆ 31 ವಾರ್ಡುಗಳಿಗೂ ಒಂದೇ ದಿನ ಚುನಾವಣೆ ಮುಗಿದಿತ್ತು. ಇಂಗ್ಲೆಂಡಿನಲ್ಲಿ ಎಲ್ಲ ಕಡೆ ಹಾಗಿಲ್ಲ. ಹೆಚ್ಚಿನ ಡಿಸ್ಟ್ರಿಕ್ಟ್‌ಗಳು ನಾಲ್ಕು ವರ್ಷಕ್ಕೊಮ್ಮೆ ಇಡೀ ಕೌನ್ಸಿಲನ್ನು ಆರಿಸುತ್ತವೆ. ಕೆಲವು ಮೂರರಲ್ಲಿ ಒಂದು ಭಾಗದಂತೆ ನಾಲ್ಕರಲ್ಲಿ ಮೂರು ವರ್ಷ, ಆಕ್ಸ್‌ಫರ್ಡಿನಂಥ ಕೆಲವು ಅರ್ಧರ್ಧದಂತೆ ಎರಡು ವರ್ಷಕ್ಕೊಮ್ಮೆ ಆರಿಸುತ್ತವೆ. ಮೂರರಲ್ಲಿ ಒಂದು ಭಾಗದಂತೆ ಆರಿಸುವ ಕೇಂಬ್ರಿಡ್ಜ್ ಸಿಟಿ ಕೌನ್ಸಿಲಿನಲ್ಲಿ 14 ವಾರ್ಡು, ತಲಾ ಮೂವರಂತೆ 42 ಸದಸ್ಯರು. ಒಂದು ವರ್ಷದ ಚುನಾವಣೆಯಲ್ಲಿ ವಾರ್ಡಿಗೆ ಒಂದರಂತೆ 14 ಸೀಟು ಮಾತ್ರ ಇರುತ್ತದೆ. ಆ 14ರಲ್ಲಿ 10 ಗೆದ್ದ ಪಕ್ಷದ ಬಳಿ ಉಳಿದ 28ರಲ್ಲಿ 9 ಮಾತ್ರ ಇದ್ದರೆ ಒಟ್ಟು 19 ಆಗುತ್ತದೆ, ಬಹುಮತಕ್ಕೆ ಬೇಕಾದದ್ದು 22. ಅಂದಿನ ತಲೆಬರಹ ಭಾರೀ ಜಯ ಎಂದಿದ್ದರೂ ಆಡಳಿತ ಆ ಪಕ್ಷದ ಕೈಗೆ ಬಂದಂತಾಗುವುದಿಲ್ಲ. ಇಂದು ಗೆದ್ದ ಸೀಟು ಎಂಬ ಕಾಲಮನ್ನೂ ಚುನಾವಣೆಯ ನಂತರದ ಒಟ್ಟು ಬಲ ಎಂಬ ಕಾಲಮನ್ನೂ ಬೇರೆ ಬೇರೆಯಾಗಿ ಓದಿ.

ವಾರ್ಡಿನ ಹಾಳೆಯನ್ನು ಓದುವುದು

ನಿಜವಾದ ವಿಷಯ ಇರುವುದು ಇಲ್ಲಿಯೇ. ಪ್ರತಿ ವಾರ್ಡಿನ ಫಲಿತಾಂಶವನ್ನು ಆ ಕೌನ್ಸಿಲಿನ ರಿಟರ್ನಿಂಗ್ ಆಫೀಸರ್ ಘೋಷಿಸಿ, ಕೌನ್ಸಿಲಿನ ಜಾಲತಾಣದಲ್ಲಿಯೂ ಪ್ರಕಟಿಸುತ್ತಾರೆ. ಅಭ್ಯರ್ಥಿಗಳ ಹೆಸರು ಅಡ್ಡಹೆಸರಿನ ಅಕ್ಷರಕ್ರಮದಲ್ಲಿ ಇರುತ್ತದೆಯೇ ಹೊರತು ಮತಗಳ ಕ್ರಮದಲ್ಲಿ ಅಲ್ಲ. ಆದ್ದರಿಂದ ಮೇಲಿನ ಹೆಸರೇ ಗೆದ್ದವರದೆಂದು ಭಾವಿಸಬೇಡಿ, ಆಯ್ಕೆಯಾದರು ಎಂದು ಬರೆದ ಸಾಲುಗಳನ್ನು ಗುರುತು ಮಾಡಿ.

ಒಂದು ವಾರ್ಡಿನಿಂದ ಒಬ್ಬರು, ಇಬ್ಬರು ಅಥವಾ ಮೂವರು ಆಯ್ಕೆಯಾಗಬಹುದು. ಒಂದೇ ಸಲ ಮೂರು ಸೀಟಿಗೆ ಚುನಾವಣೆಯಾದರೆ ಮತದಾರನಿಗೆ ಮೂರು ಮತ. ನಮ್ಮ ನಗರಸಭೆಯ ಮತದಾರರಿಗೆ ಇದು ಹೊಸದು, ಹಳ್ಳಿಯವರಿಗೆ ಹೊಸದಲ್ಲ: ಗ್ರಾಮ ಪಂಚಾಯಿತಿಯಲ್ಲಿ ಒಂದೇ ಕ್ಷೇತ್ರಕ್ಕೆ ಎರಡು ಮೂರು ಸ್ಥಾನವಿದ್ದಾಗ ನಾವೂ ಅಷ್ಟೇ ಮತ ಹಾಕುತ್ತೇವೆ. ವ್ಯತ್ಯಾಸವೆಂದರೆ, ಇಂಗ್ಲೆಂಡಿನಲ್ಲಿ ಮತಪತ್ರದ ಮೇಲೆ ಪಕ್ಷದ ಹೆಸರಿರುತ್ತದೆ, ಮೀಸಲು ಸ್ಥಾನಗಳಿಲ್ಲ, ಮೇಲಿನವರಲ್ಲಿ ಯಾರೂ ಅಲ್ಲ ಎನ್ನುವ ನೋಟಾ ಇಲ್ಲ. ಮತಯಂತ್ರವೂ ಇಲ್ಲ, ಪೆನ್ಸಿಲಿನಿಂದ ಕಾಗದದ ಮೇಲೆ ಗುಣಾಕಾರದ ಗುರುತು ಹಾಕುತ್ತಾರೆ.

ಲೆಕ್ಕ ತಿಳಿಯಲು ಒಂದು ಕಲ್ಪಿತ ವಾರ್ಡನ್ನು ತೆಗೆದುಕೊಳ್ಳೋಣ. ಸೀಟು 3, ಮತದಾರರು 6,000, ಮತಪೆಟ್ಟಿಗೆಯಲ್ಲಿ ಸಿಕ್ಕ ಮತಪತ್ರ 2,100, ಪೂರ್ತಿ ತಿರಸ್ಕೃತವಾದವು 12, ಉಳಿದವು 2,088. ಮತದಾನದ ಪ್ರಮಾಣ 35 ಪ್ರತಿಶತ. ಅಲ್ಲಿಯ ಸ್ಥಳೀಯ ಚುನಾವಣೆಗಳಲ್ಲಿ ಮೂರರಲ್ಲಿ ಒಬ್ಬರು ಮತ ಹಾಕುವುದು ಸಾಮಾನ್ಯವಾದ್ದರಿಂದ ಇದನ್ನು ಬಹಿಷ್ಕಾರವೆಂದು ತಿಳಿಯಬಾರದು. ಮೊದಲ ಪಕ್ಷದ ಮೂವರಿಗೆ 980, 925, 870 ಮತಗಳು. ಎರಡನೆಯ ಪಕ್ಷದ ಮೂವರಿಗೆ 890, 810, 760. ಒಬ್ಬ ಪಕ್ಷೇತರರಿಗೆ 640. ಒಟ್ಟು ಮತ 5,875. ಇದನ್ನು 2,088ರಿಂದ ಭಾಗಿಸಿದರೆ ಒಬ್ಬೊಬ್ಬರೂ ಸರಾಸರಿ 2.8 ಮತ ಬಳಸಿದ್ದಾರೆಂದು ತಿಳಿಯುತ್ತದೆ. ನಾನು ಅಕ್ರಮವೆಂದು ತಿಳಿದದ್ದು ಈ ಲೆಕ್ಕವನ್ನೇ.

ಗೆದ್ದವರು 980, 925 ಮತ್ತು 890 ಪಡೆದವರು. ಅಂದರೆ ವಾರ್ಡು ಒಂದೇ ಆದರೂ ಎರಡು ಪಕ್ಷಗಳವರು ಆಯ್ಕೆಯಾದರು, ಮೊದಲ ಪಕ್ಷದ ಮೂರನೆಯವರು 20 ಮತಗಳಿಂದ ಸೋತರು. ಒಂದೇ ಪಕ್ಷದ ಅಭ್ಯರ್ಥಿಗಳ ನಡುವೆ 110 ಮತಗಳ ಅಂತರ ಬಂದದ್ದನ್ನು ಗಮನಿಸಿ. ಕೆಲವರು ವ್ಯಕ್ತಿಯನ್ನು ನೋಡಿ ಮತ ಹಾಕುತ್ತಾರೆ, ಕೆಲವರು ಒಂದೇ ಗುರುತು ಹಾಕಿ ಬರುತ್ತಾರೆ, ಇನ್ನು ಮತಪತ್ರದಲ್ಲಿ ಮೇಲಿರುವ ಹೆಸರಿಗೆ ತುಸು ಹೆಚ್ಚು ಮತ ಬೀಳುವುದೂ ಉಂಟು.

ಈಗ ಪ್ರತಿಶತದ ಪ್ರಶ್ನೆ. ಪಕ್ಷವಾರು ಮತಗಳನ್ನೆಲ್ಲ ಕೂಡಿ ಭಾಗಿಸಿದರೆ ಮೊದಲ ಪಕ್ಷಕ್ಕೆ 47.2, ಎರಡನೆಯದಕ್ಕೆ 41.9, ಪಕ್ಷೇತರರಿಗೆ 10.9 ಬರುತ್ತದೆ. ಪ್ರತಿ ಪಕ್ಷದ ಅತಿ ಹೆಚ್ಚು ಮತ ಪಡೆದವರನ್ನು ಮಾತ್ರ ಹಿಡಿದರೆ ಅದೇ ವಾರ್ಡಿನಲ್ಲಿ 39.0, 35.5, 25.5 ಬರುತ್ತದೆ. ಮೂರು ಜನರನ್ನು ನಿಲ್ಲಿಸಿದ ಪಕ್ಷಕ್ಕೆ ಮೊದಲ ಲೆಕ್ಕ ಅನುಕೂಲ, ಒಬ್ಬರೇ ನಿಂತ ಪಕ್ಷೇತರರಿಗೆ ಅದು ಅನ್ಯಾಯ. ನಿಜಕ್ಕೂ 2,088 ಮತಪತ್ರಗಳಲ್ಲಿ 640ರ ಮೇಲೆ, ಅಂದರೆ ನೂರಕ್ಕೆ ಸುಮಾರು 31ರ ಮೇಲೆ, ಅವರ ಹೆಸರಿಗೆ ಗುರುತಿತ್ತು. ಹತ್ತರಲ್ಲಿ ಮೂವರ ಬೆಂಬಲವನ್ನು ಹತ್ತರಲ್ಲಿ ಒಬ್ಬರದೆಂದು ತೋರಿಸುವ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಆದ್ದರಿಂದ ಪತ್ರಿಕೆಯ ಪ್ರತಿಶತವನ್ನು ಓದುವ ಮೊದಲು ಅದನ್ನು ಯಾವ ವಿಧಾನದಲ್ಲಿ ತೆಗೆದಿದ್ದಾರೆಂದು ನೋಡಿ. ತಿಳಿಯದಿದ್ದರೆ ಹಾಳೆಯ ಅಂಕಿಗಳಿಂದ ನೀವೇ ತೆಗೆಯಿರಿ.

ತಿರಸ್ಕೃತ ಮತಪತ್ರಗಳ ಸಾಲನ್ನೂ ಬಿಡಬೇಡಿ. ಅಧಿಕೃತ ಗುರುತು ಇಲ್ಲದ್ದು, ಹಕ್ಕಿಗಿಂತ ಹೆಚ್ಚು ಜನರಿಗೆ ಗುರುತು ಹಾಕಿದ್ದು, ಮತದಾರ ಯಾರೆಂದು ತಿಳಿಯುವಂತೆ ಬರೆದದ್ದು, ಖಾಲಿ ಬಿಟ್ಟದ್ದು ಅಥವಾ ಅಸ್ಪಷ್ಟವಾದದ್ದು ಎಂದು ಕಾರಣಸಹಿತ ಲೆಕ್ಕ ಕೊಟ್ಟಿರುತ್ತಾರೆ. ಮೂರು ಸೀಟಿನ ವಾರ್ಡಿನಲ್ಲಿ ನಾಲ್ಕು ಗುರುತು ಹಾಕಿದರೆ ಇಡೀ ಮತಪತ್ರ ವ್ಯರ್ಥ. ಎರಡೇ ಹಾಕಿದರೆ ತೊಂದರೆಯಿಲ್ಲ. ಮೊದಲ ಸಲ ಮತ ಹಾಕುವ ನಮ್ಮ ಮಕ್ಕಳಿಗೆ ಇದನ್ನು ಮುಂಚೆಯೇ ಹೇಳಿಡುವುದು ಒಳ್ಳೆಯದು. 2023ರ ಮೇ 4ರ ಚುನಾವಣೆಯಿಂದ ಫೋಟೋ ಇರುವ ಗುರುತಿನ ಪತ್ರವೂ ಕಡ್ಡಾಯವಾಗಿದೆ. ಭಾರತದ ಪಾಸ್‌ಪೋರ್ಟ್ ಅದಕ್ಕೆ ನಡೆಯುತ್ತದೆ.

ಆಡಳಿತ ಯಾರ ಕೈಗೆ ಹೋಯಿತು

ಒಟ್ಟು ಸೀಟಿನ ಅರ್ಧಕ್ಕಿಂತ ಒಂದಾದರೂ ಹೆಚ್ಚು ಇದ್ದರೆ ಆ ಪಕ್ಷದ ಹಿಡಿತವೆಂದು ಬರೆಯುತ್ತಾರೆ. 2023ರಲ್ಲಿ ಮಿಡ್ ಸಫೋಕ್ ಡಿಸ್ಟ್ರಿಕ್ಟಿನ 34 ಸೀಟುಗಳಲ್ಲಿ 24ನ್ನು ಗ್ರೀನ್ ಪಕ್ಷ ಗೆದ್ದುಕೊಂಡದ್ದು ಇದಕ್ಕೆ ಸ್ಪಷ್ಟ ಉದಾಹರಣೆ. ಯಾರಿಗೂ ಬಹುಮತ ಬಾರದಿದ್ದರೆ ಯಾರ ಪೂರ್ಣ ಹಿಡಿತವೂ ಇಲ್ಲ ಎಂದು ಬರೆಯುತ್ತಾರೆ. ಆಗ ಮೈತ್ರಿ ಅಥವಾ ಅಲ್ಪಮತದ ಆಡಳಿತ ಬರುತ್ತದೆ. ಎಪ್ಸಮ್ ಅಂಡ್ ಯೂವೆಲ್‌ನಲ್ಲಿ ನಿವಾಸಿಗಳ ಸಂಘವೇ ದಶಕಗಳಿಂದ ಆಡಳಿತ ನಡೆಸಿಕೊಂಡು ಬಂದಿದೆ.

ಒಂದು ಸೀಟಿನ ಬೆಲೆ ಎಷ್ಟೆಂಬುದನ್ನು 2017ರಲ್ಲಿ ನಾರ್ಥಂಬರ್‌ಲ್ಯಾಂಡ್ ತೋರಿಸಿತು. ಅದು ಡಿಸ್ಟ್ರಿಕ್ಟ್ ಅಲ್ಲ, ಎರಡೂ ಮಟ್ಟದ ಕೆಲಸವನ್ನು ಒಂದೇ ಕೌನ್ಸಿಲ್ ಮಾಡುವ ಕೌಂಟಿ. ಅದರ ಸೌತ್ ಬ್ಲೈಥ್ ಕ್ಷೇತ್ರದಲ್ಲಿ ಇಬ್ಬರಿಗೆ ಸಮಾನ ಮತ ಬಂದು ಕಡ್ಡಿ ಎತ್ತಿ ತೀರ್ಮಾನಿಸಬೇಕಾಯಿತು. ಕನ್ಸರ್ವೇಟಿವ್ ಅಭ್ಯರ್ಥಿ ಅದರಲ್ಲಿ ಸೋತದ್ದರಿಂದ ಆ ಪಕ್ಷ 67ರಲ್ಲಿ 33ಕ್ಕೆ ನಿಂತು ಬಹುಮತ ತಪ್ಪಿತು. ಸಮಬಲವಾದಾಗ ಚೀಟಿ ಎತ್ತುವುದು ನಮ್ಮ ಪಂಚಾಯಿತಿಗಳಲ್ಲಿಯೂ ಇರುವ ಪದ್ಧತಿಯೇ.

ಇಲ್ಲಿಯ ರೂಢಿಯನ್ನು ಅಲ್ಲಿಗೆ ಹೊಂದಿಸಿ ನೋಡುವಾಗ ಎರಡು ಕಡೆ ಎಚ್ಚರ ಬೇಕು. ನಮ್ಮ ನಗರಸಭೆಯ ಅಧ್ಯಕ್ಷರ ಆಯ್ಕೆಯಲ್ಲಿ ಶಾಸಕರಿಗೂ ಸಂಸದರಿಗೂ ಮತವಿದೆ; ಅಲ್ಲಿ ಸಂಸದರಿಗೆ ಕೌನ್ಸಿಲಿನಲ್ಲಿ ಮತವಿಲ್ಲ. ನಮ್ಮಲ್ಲಿ 1987ರ ಕಾಯ್ದೆ ಸ್ಥಳೀಯ ಸಂಸ್ಥೆಗಳ ಪಕ್ಷಾಂತರವನ್ನು ತಡೆಯುತ್ತದೆ. ಅಲ್ಲಿ ಸದಸ್ಯರು ಪಕ್ಷ ಬದಲಿಸಿದರೂ ಸ್ಥಾನ ಉಳಿಯುತ್ತದೆ, ಮರುಚುನಾವಣೆ ಆಗುವುದಿಲ್ಲ. ಹಾಗಾಗಿ ಒಂದೆರಡು ಸೀಟಿನ ಬಹುಮತವನ್ನು ನಾಲ್ಕು ವರ್ಷಕ್ಕೆ ಗಟ್ಟಿಯೆಂದು ಬರೆದಿಟ್ಟುಕೊಳ್ಳಬೇಡಿ.

ಹಿಂದಿನ ಸಲಕ್ಕಿಂತ ಇಷ್ಟು ಹೆಚ್ಚು, ಇಷ್ಟು ಕಡಿಮೆ ಎಂಬ ಅಂಕಿಗಳನ್ನು ನೋಡುವಾಗ ವಾರ್ಡಿನ ಗಡಿ ಬದಲಾಗಿದೆಯೇ ಎಂದು ವಿಚಾರಿಸಿ; ಗಡಿ ಬದಲಾಗಿದ್ದರೆ ಆ ಹೋಲಿಕೆ ಅಂದಾಜು ಮಾತ್ರ. ಎರಡು ಮಟ್ಟದ ವ್ಯವಸ್ಥೆಯನ್ನೇ ತೆಗೆದು ಒಂದೇ ಮಟ್ಟದ ಕೌನ್ಸಿಲ್ ತರುವ ಯೋಜನೆಯನ್ನು ಅಲ್ಲಿಯ ಸರ್ಕಾರ 2024ರ ಡಿಸೆಂಬರಿನಲ್ಲಿ ಶ್ವೇತಪತ್ರದ ಮೂಲಕ ಮುಂದಿಟ್ಟಿದೆ. ಆದ್ದರಿಂದ ಮಗಳಿಗೆ ಫೋನ್ ಮಾಡಿದಾಗ ಯಾರು ಗೆದ್ದರೆಂದು ಕೇಳಿದ ಮೇಲೆ, ಈ ಕೌನ್ಸಿಲ್ ಹೀಗೆಯೇ ಎಷ್ಟು ವರ್ಷ ಇರುತ್ತದೆ ಎಂದೂ ಕೇಳಿಕೊಳ್ಳಿ, ಮತ್ತು ವಾರ್ಡಿನ ಹಾಳೆಯ ಒಂದು ಪ್ರತಿಯನ್ನು ತೆಗೆದಿಟ್ಟುಕೊಳ್ಳಿ. ಮುಂದಿನ ಚುನಾವಣೆಯ ಅಂಕಿಗಳನ್ನು ಪಕ್ಕದಲ್ಲಿಟ್ಟು ನೋಡಲು ಅದು ಬೇಕಾಗುತ್ತದೆ.