ಹಳೆ ಪಿಕಪ್‌ನ ಹಿಂದಿನ ಕಮಾನ್ ಪಾಟಾ ಬದಲಿಸುವುದು: ಬಿಚ್ಚುವುದಕ್ಕಿಂತ ಬಿಗಿ ಮಾಡುವುದೇ ದೊಡ್ಡ ಕೆಲಸ

ಕಮಾನು ಎಂದರೆ ಬಾಗಿದ ಕಬ್ಬಿಣದ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ, ಗಾಡಿಯ ಭಾರ ಹೊರುವ ಸ್ಪ್ರಿಂಗ್; ಅದರ ಒಂದೊಂದು ಪಟ್ಟಿಯೇ ಪಾಟಾ. ಪಾಟಾ ಮುರಿದರೆ ಎಲ್ಲರೂ ಮೊದಲು ಬೈಯುವುದು ಲೋಡಿಗೆ. ಲೋಡಿನ ಪಾಲೂ ಇದೆ, ಸುಳ್ಳಲ್ಲ. ಆದರೆ ಕಮಾನು ಇಳಿಸಿ ನೋಡಿದಾಗ ಬಹಳ ಸಲ ಪಾಟಾ ತುಂಡಾಗಿರುವುದು ಸೆಂಟರ್ ಬೋಲ್ಟಿನ, ಅಂದರೆ ಎಲ್ಲ ಪಾಟಾಗಳನ್ನು ನಡುವೆ ಪೋಣಿಸುವ ಬೋಲ್ಟಿನ ತೂತಿನ ಮೇಲೆಯೇ. ಅಲ್ಲಿ ಮುರಿದಿದ್ದರೆ ಕಮಾನನ್ನು ಆಕ್ಸಲ್ಲಿಗೆ ಬಿಗಿದು ಹಿಡಿಯುವ ಯೂ ಬೋಲ್ಟ್ ಸಡಿಲಾಗಿತ್ತು ಎಂದೇ ತಿಳಿಯಿರಿ. ಯೂ ಬೋಲ್ಟ್ ಬಿಗಿ ಇರುವ ತನಕ ಆಕ್ಸಲ್ ಮೇಲಿನ ಭಾಗ ಬಾಗುವುದೇ ಇಲ್ಲ, ಅದರ ಆಚೆ ಈಚೆ ಮಾತ್ರ ಬಾಗುತ್ತದೆ. ಸಡಿಲಾದ ಕೂಡಲೇ ಬಾಗು ತೂತಿಗೆ ಬರುತ್ತದೆ. ತೂತಿದ್ದ ಕಡೆ ಕಬ್ಬಿಣ ಕಡಿಮೆ, ಬಿರುಕು ಅಲ್ಲಿಂದಲೇ ಶುರು. ಹೊಸ ಕಮಾನು ಹಾಕಿ ಮತ್ತೆ ಪಾನಾ ಮುಟ್ಟದೆ ಬಿಟ್ಟರೆ ಅದಕ್ಕೂ ಇದೇ ಗತಿ.

ಸುರುಳಿಯ ಹತ್ತಿರ, ಅಂದರೆ ಮೇನ್ ಪಾಟಾದ ತುದಿಯಲ್ಲಿ ಬುಷ್ (ಬೋಲ್ಟಿನ ಸುತ್ತ ಕೂರುವ ರಬ್ಬರ್ ಅಥವಾ ಲೋಹದ ಕೊಳವೆ) ಕೂರುವ ಕಡೆ ಮುರಿದಿದ್ದರೆ ಬುಷ್ ಸವೆದು ಹೋಗಿದೆ ಇಲ್ಲವೇ ಕಮಾನಿನ ಹಿಂತುದಿಯನ್ನು ಚಾಸಿಗೆ ಸೇರಿಸುವ, ಅಲುಗಾಡುವ ಕೊಂಡಿಯಾದ ಶ್ಯಾಕಲ್ ತುಕ್ಕು ಹಿಡಿದು ಅಲುಗಾಡದಂತೆ ಕೂತಿದೆ. ನಡುವೆ ಎಲ್ಲೋ ಮುರಿದಿದ್ದರೆ ತುಕ್ಕಿನ ಗುಳಿ, ವೆಲ್ಡಿಂಗ್ ಕಿಡಿ ಬಿದ್ದ ಗುರುತು ಅಥವಾ ಬರೀ ಓವರ್‌ಲೋಡ್. ನಮ್ಮ ಕಲಬುರಗಿ, ಬೀದರ ಕಡೆಯ ಎರೆ ಮಣ್ಣು ಇದಕ್ಕೆ ಚೆನ್ನಾಗಿ ಸಹಾಯ ಮಾಡುತ್ತದೆ. ಮಳೆಗಾಲದಲ್ಲಿ ಹೊಲದ ದಾರಿಯಿಂದ ಹೊರಬಂದ ಗಾಡಿಯ ಪಾಟಾಗಳ ಸಂದಿಯಲ್ಲಿ ಆ ಮಣ್ಣು ಒತ್ತಿಕೊಂಡು, ಮೇಲೆ ಒಣಗಿದರೂ ಒಳಗೆ ಹಸಿ ಹಿಡಿದಿಟ್ಟುಕೊಳ್ಳುತ್ತದೆ.

ಬದಲಿಸಬೇಕೇ ಬೇಡವೇ ಎಂದು ನೋಡಲು ಖಾಲಿ ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ, ನಾಲ್ಕೂ ಟೈರಿನ ಗಾಳಿ ಸರಿ ಮಾಡಿ, ಎರಡೂ ಬದಿಯಲ್ಲಿ ಆಕ್ಸಲ್‌ನಿಂದ ಚಾಸಿಯ ಅಡಿಗೆ ಟೇಪ್ ಹಿಡಿಯಿರಿ. 20–25 ಮಿಮೀ ಮೇಲೆ ವ್ಯತ್ಯಾಸ ಬಂದರೆ ಒಂದು ಕಡೆ ಕಮಾನು ಕೂತಿದೆ ಅಥವಾ ಒಳಗಿನ ಪಾಟಾ ಮುರಿದಿದೆ. ಹಾಗೇ ಬಗ್ಗಿ ಯೂ ಬೋಲ್ಟಿನ ಅಂಚು ನೋಡಿ. ಕೆಂಪು ಪುಡಿ ಉದುರಿದ್ದರೆ, ಪಾಟಾದ ಬದಿಗೆ ಹೊಸದಾಗಿ ಉಜ್ಜಿದ ಬಿಳಿ ಹೊಳಪು ಇದ್ದರೆ ಅಲ್ಲಿ ಕಮಾನು ಓಡಾಡುತ್ತಿದೆ. ಹಿಂದಿನಿಂದ ನೋಡುವವರಿಗೆ ಗಾಡಿ ಅಡ್ಡಡ್ಡ ಓಡಿದಂತೆ ಕಂಡರೆ ಸೆಂಟರ್ ಬೋಲ್ಟ್ ಕತ್ತರಿಸಿ ಆಕ್ಸಲ್ ಒಂದು ಬದಿ ಸರಿದಿರಬಹುದು. ಅಂಥ ಗಾಡಿಯನ್ನು ಲೋಡಿನ ಸಮೇತ ಓಡಿಸಬೇಡಿ.

ಸಾಮಾನು ತರುವ ಮುಂಚೆ

ಅಂಗಡಿಯಲ್ಲಿ ಗಾಡಿಯ ಹೆಸರು ಹೇಳಿದರೆ ಸಾಲದು. ಒಂದೇ ಮಾಡೆಲ್‌ನಲ್ಲಿ ವರ್ಷಕ್ಕೊಂದು, ಲೋಡಿಗೊಂದು ಥರ ಕಮಾನು ಬಂದಿರುತ್ತದೆ. ಪಾಟಾ ಎಷ್ಟು, ಅಗಲ ಎಷ್ಟು (60 ಅಥವಾ 70 ಮಿಮೀ ಹೆಚ್ಚಾಗಿ ಸಿಗುವ ಅಳತೆ), ಪ್ರತಿ ಪಾಟಾದ ದಪ್ಪ ಎಷ್ಟು ಎಂದು ಬರೆದುಕೊಳ್ಳಿ. ಸೆಂಟರ್ ಬೋಲ್ಟಿನಿಂದ ಮುಂದಿನ ಸುರುಳಿಯ ನಡುವಿಗೆ ಒಂದು ಅಳತೆ, ಹಿಂದಿನ ಸುರುಳಿಗೆ ಇನ್ನೊಂದು. ಎಷ್ಟೋ ಗಾಡಿಗಳಲ್ಲಿ ಇವೆರಡು ಒಂದೇ ಇರುವುದಿಲ್ಲ. ಕಮಾನು ತಿರುವುಮುರುವಾದರೆ ಚಕ್ರ ಹಿಂದೆ ಮುಂದೆ ಸರಿದು ಮಡ್‌ಗಾರ್ಡಿಗೆ ತಾಗುತ್ತದೆ.

ಬೇಕಾದದ್ದು: ಎರಡೂ ಬದಿಗೆ ಒಂದೇ ತಯಾರಿಯ ಕಮಾನು, ಹೊಸ ಯೂ ಬೋಲ್ಟ್ 4, ನಟ್ 8, ವಾಷರ್ 8. ಬುಷ್ ಒಂದು ಕಮಾನಿಗೆ ಮೂರು ಕಡೆ ಬರುತ್ತದೆ: ಮುಂದಿನ ಸುರುಳಿ, ಹಿಂದಿನ ಸುರುಳಿ, ಶ್ಯಾಕಲ್ ಮೇಲ್ಭಾಗ. ಎರಡೂ ಬದಿ ಸೇರಿ ಆರು ಕಡೆ. ಎರಡು ತುಂಡಿನ ರಬ್ಬರ್ ಬುಷ್ ಇರುವ ಕಡೆಗೆಲ್ಲ ಎರಡೆರಡು ತುಂಡು ತರಬೇಕು. ಶ್ಯಾಕಲ್ ಪಿನ್ ಉಗುರಿಗೆ ತಗ್ಗು ಸಿಗುವಷ್ಟು ಸವೆದಿದ್ದರೆ ಅದನ್ನೂ ತನ್ನಿ.

ಹಳೆ ಯೂ ಬೋಲ್ಟ್ ಚೆನ್ನಾಗೇ ಇದೆಯಲ್ಲ ಎಂದು ಮತ್ತೆ ಹಾಕಬೇಡಿ. ಒಮ್ಮೆ ಎಳೆದು ಬಿಗಿಯಾಗಿದ್ದ ಬೋಲ್ಟು ಮತ್ತೆ ಅಷ್ಟೇ ಹಿಡಿತ ಕೊಡುತ್ತದೆ ಎಂಬ ಭರವಸೆ ಇಲ್ಲ. ಸಾದಾ ಸಲಾಕೆಯನ್ನು ಕಾಯಿಸಿ ಬಗ್ಗಿಸಿ ಥ್ರೆಡ್ ಹಾಕಿದ್ದಂತೂ ಬೇಡವೇ ಬೇಡ, ಅದು ಲೋಡಿನಲ್ಲಿ ಹಿಗ್ಗುತ್ತದೆ. ಉಳಿಸಬಾರದ ಕಡೆ ಉಳಿಸುವ ದುಡ್ಡು ಇದು.

ಗಾಡಿ ಎತ್ತುವುದು

ಹಿಂದಿನ ದಿನವೇ ಎಲ್ಲಾ ನಟ್ಟಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ವೈರ್ ಬ್ರಷ್‌ನಿಂದ ಥ್ರೆಡ್ ಉಜ್ಜಿಡಿ. ಮಾರನೇ ದಿನದ ಅರ್ಧ ಜಗಳ ಇದರಿಂದಲೇ ತಪ್ಪುತ್ತದೆ.

ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಕಟ್ಟಿಗೆ ಕೊಟ್ಟು, ಗೇರಿನಲ್ಲಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ನಂಬಬೇಡಿ, ಅದು ಹಿಡಿಯುವುದು ನೀವು ಎತ್ತುತ್ತಿರುವ ಹಿಂದಿನ ಚಕ್ರಗಳನ್ನೇ. ವೀಲ್ ನಟ್ ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ. 3 ಟನ್ ಜಾಕನ್ನು ಹಿಂದಿನ ಆಕ್ಸಲ್ ನಡುವಿನ ಉಬ್ಬಾದ ಡಿಫರೆನ್ಷಿಯಲ್ ಅಡಿ ಇಟ್ಟು ಎತ್ತಿ, ಚಾಸಿಗೆ ಎರಡೂ ಬದಿ ಸ್ಟ್ಯಾಂಡ್ ಕೊಡಿ. ಸ್ಟ್ಯಾಂಡ್, ಕಮಾನಿನ ಮುಂತುದಿಯನ್ನು ಚಾಸಿಗೆ ಹಿಡಿಯುವ ಬ್ರಾಕೆಟ್, ಅಂದರೆ ಮುಂದಿನ ಹ್ಯಾಂಗರ್‌ಗಿಂತ ಮುಂದೆ ಇರಲಿ. ಆಮೇಲೆ ಜಾಕ್ ಇಳಿಸಿ, ಆಕ್ಸಲ್ ಭಾರವನ್ನು ಮಾತ್ರ ತಾಳುವಷ್ಟಕ್ಕೆ ನಿಲ್ಲಿಸಿ.

ಇಲ್ಲೊಂದು ಮಾತು ಒತ್ತಿ ಹೇಳಬೇಕು. ಕಲಬುರಗಿಯಲ್ಲಿ ಕೈಗೆ ಸಿಗುವುದು ನೆಲಕ್ಕೆ ಹಾಸುವ ಶಹಾಬಾದ್ ಫರ್ಸಿ ಕಲ್ಲು, ಬೀದರಿನಲ್ಲಿ ಕೆಂಪು ಜಂಬಿಟ್ಟಿಗೆ ಕಲ್ಲು. ಇವನ್ನು ಒಂದರ ಮೇಲೊಂದು ಪೇರಿಸಿ ಚಾಸಿಗೆ ಕೊಡುವ ರೂಢಿ ಇದೆ. ಫರ್ಸಿ ಪದರ ಪದರವಾದ ಕಲ್ಲು, ಒಂದೇ ಬಿಂದುವಿನ ಮೇಲೆ ಭಾರ ಬಿದ್ದರೆ ಸದ್ದಿಲ್ಲದೆ ಇದ್ದು ಒಮ್ಮೆಲೇ ಸೀಳುತ್ತದೆ. ಜಂಬಿಟ್ಟಿಗೆಯ ಅಂಚು ಪುಡಿಯಾಗುತ್ತದೆ. ಎರೆ ನೆಲದಲ್ಲಿ ಜಾಕ್ ಇಳಿಯದಂತೆ ಅಡಿಗೆ ಏನಾದರೂ ಬೇಕಿದ್ದರೆ ಎರಡು ಇಂಚಿಗೆ ಕಡಿಮೆ ಇಲ್ಲದ ಅಗಲ ಕಟ್ಟಿಗೆ ಹಲಗೆ ಹಾಕಿ. ಸ್ಟ್ಯಾಂಡ್ ಇಲ್ಲದಿದ್ದರೆ ಆ ದಿನ ಕೆಲಸವೇ ಬೇಡ.

ಬಿಚ್ಚುವುದು

ಒಂದು ಬದಿ ಪೂರ್ತಿ ಮುಗಿಸಿ ಇನ್ನೊಂದು ಬದಿಗೆ ಹೋಗಿ. ಎರಡೂ ಕಮಾನು ಒಟ್ಟಿಗೆ ಬಿಚ್ಚಿದರೆ ಆಕ್ಸಲ್ ಹಿಡಿದುಕೊಳ್ಳಲು ಏನೂ ಉಳಿಯದೆ ಜಾಕ್ ಮೇಲೆಯೇ ತಿರುಗಿಬಿಡುತ್ತದೆ.

ಚಕ್ರ ತೆಗೆದು, ಶಾಕ್ಅಬ್ಸಾರ್ಬರಿನ ಕೆಳಗಿನ ಬೋಲ್ಟ್ ಬಿಚ್ಚಿ. ಹ್ಯಾಂಡ್‌ಬ್ರೇಕ್ ಕೇಬಲ್ಲಿನ ಕ್ಲಿಪ್ ಆಕ್ಸಲ್ ಮೇಲಿದ್ದರೆ ಬಿಡಿಸಿ. ಲೋಡಿಗೆ ತಕ್ಕಂತೆ ಹಿಂದಿನ ಬ್ರೇಕ್ ಒತ್ತಡ ಬದಲಿಸುವ ವಾಲ್ವ್ ಇರುವ ಗಾಡಿಯಾದರೆ ಅದರ ಕಡ್ಡಿ ಆಕ್ಸಲ್‌ಗೆ ಸೇರಿರುತ್ತದೆ. ಅದು ಯಾವ ತೂತಿನಲ್ಲಿ, ಎಷ್ಟು ಥ್ರೆಡ್ ಹೊರಗೆ ಇತ್ತು ಎಂದು ಫೋಟೋ ತೆಗೆದುಕೊಂಡೇ ಬಿಡಿಸಿ. ಆಕ್ಸಲ್ ಇಳಿಸುವಾಗ ಬ್ರೇಕ್ ಹೋಸ್ ಪೈಪಿನ ಮೇಲೆ ಕಣ್ಣಿರಲಿ, ಅದು ಬಿಗಿದು ನಿಲ್ಲುವ ಮುಂಚೆಯೇ ನೀವು ನಿಲ್ಲಬೇಕು.

ಯೂ ಬೋಲ್ಟಿನ ನಾಲ್ಕು ನಟ್ ಬಿಚ್ಚಿ. ಬರದಿದ್ದರೆ ಹೇಗೂ ಹೊಸದು ಬರುತ್ತದೆ, ಗ್ರೈಂಡರ್‌ನಿಂದ ಕತ್ತರಿಸಿ. ಜಾಕ್ ಒಂದೆರಡು ಇಂಚು ಇಳಿಸಿದರೆ ಕಮಾನು ಆಕ್ಸಲ್ ಬಿಟ್ಟು ಸಡಿಲಾಗುತ್ತದೆ. ಮೊದಲು ಹಿಂದಿನ ಶ್ಯಾಕಲ್, ಆಮೇಲೆ ಮುಂದಿನ ಬೋಲ್ಟ್.

ಆ ಮುಂದಿನ ಬೋಲ್ಟೇ ಹಳೆ ಗಾಡಿಯಲ್ಲಿ ತಲೆನೋವು. ನಟ್ ಬಿಚ್ಚಿಕೊಂಡರೂ ಬೋಲ್ಟು ಬುಷ್‌ನ ಒಳಗಿನ ಕಬ್ಬಿಣದ ಕೊಳವೆಗೆ ತುಕ್ಕಿನಿಂದ ಅಂಟಿಕೊಂಡು, ಹೊಡೆದಷ್ಟೂ ಸ್ಪ್ರಿಂಗಿನಂತೆ ವಾಪಸ್ ಬರುತ್ತದೆ. ಸುತ್ತಿಗೆ ಹಿಡಿದು ಗಂಟೆಗಟ್ಟಲೆ ಹೊಡೆದರೆ ಹ್ಯಾಂಗರ್ ಬಾಗುತ್ತದೆ. ಹ್ಯಾಂಗರ್ ಮತ್ತು ಸುರುಳಿಯ ನಡುವಿನ ಸಂದಿಯಲ್ಲಿ ತೆಳು ಚಕ್ರದ ಗ್ರೈಂಡರ್ ಹಾಕಿ ಎರಡೂ ಬದಿ ಬೋಲ್ಟ್ ಕತ್ತರಿಸುವುದೇ ಸೈ. ಗ್ಯಾಸ್ ಕಟ್ಟರ್ ಇಲ್ಲಿಗೆ ತರಬೇಡಿ. ಡೀಸೆಲ್ ಟ್ಯಾಂಕ್ ಪಕ್ಕದಲ್ಲೇ ಇರುವ ಗಾಡಿಗಳು ಬಹಳ, ರಬ್ಬರ್ ಬುಷ್ ಕೂಡ ಹತ್ತಿಕೊಳ್ಳುತ್ತದೆ. ಗ್ರೈಂಡರ್ ಹಿಡಿಯುವಾಗಲೂ ಟ್ಯಾಂಕ್ ಮತ್ತು ಬ್ರೇಕ್ ಪೈಪಿಗೆ ಒದ್ದೆ ಗೋಣಿ ಹೊದಿಸಿ.

ಕಮಾನು ಇಬ್ಬರು ಹಿಡಿದು ಇಳಿಸುವ ತೂಕ. ಇಳಿಸಿದ ಮೇಲೆ ಒಂದೇ ಪಾಟಾ ಬದಲಿಸುವ ವಿಚಾರವಿದ್ದರೆ ಸೆಂಟರ್ ಬೋಲ್ಟಿನ ಎರಡೂ ಬದಿ ಸಿ ಕ್ಲಾಂಪ್ ಬಿಗಿದು ಆಮೇಲೆ ಬೋಲ್ಟ್ ತೆಗೆಯಿರಿ. ಕ್ಲಾಂಪ್ ಇಲ್ಲದೆ ತೆಗೆದರೆ ಪಾಟಾಗಳು ಸಿಡಿದು ಕೈ ಮುರಿಯುತ್ತವೆ.

ಕೂಡಿಸುವುದು

ಆಕ್ಸಲ್ ಮೇಲಿನ ಸೀಟ್, ಅಂದರೆ ಕಮಾನು ಕೂರುವ ಜಾಗವನ್ನು ಕಬ್ಬಿಣ ಕಾಣುವ ತನಕ ಉಜ್ಜಿ. ಅಲ್ಲಿ ಉಳಿದ ತುಕ್ಕಿನ ಹೆಕ್ಕಳಿಕೆ, ಮಣ್ಣು ನಾಲ್ಕು ದಿನದಲ್ಲಿ ಪುಡಿಯಾಗಿ, ನೀವು ಮಾಡಿದ ಬಿಗಿಯೆಲ್ಲ ಸಡಿಲಾಗುತ್ತದೆ. ಸೆಂಟರ್ ಬೋಲ್ಟಿನ ತಲೆ ಕೂರುವ ತೂತು ಮೊಟ್ಟೆಯಾಕಾರಕ್ಕೆ ಹಿಗ್ಗಿದ್ದರೆ ಹೊಸ ಕಮಾನೂ ಸರಿಯುತ್ತದೆ, ಮೊದಲು ಆ ಸೀಟಿನ ಕೆಲಸ ಮಾಡಿಸಿ.

ಹೊಸ ಬುಷ್ ಒತ್ತುವಾಗ ರಬ್ಬರಿಗೆ ಸಾಬೂನು ನೀರು ಸಾಕು, ಗ್ರೀಸ್ ಬೇಡ. ಗ್ರೀಸ್ ನಿಪ್ಪಲ್ ಇರುವ ಕಬ್ಬಿಣ ಅಥವಾ ಹಿತ್ತಾಳೆ ಬುಷ್ ಆದರೆ ಗ್ರೀಸ್ ಬೇಕೇ ಬೇಕು. ಮುಂದಿನ ಬೋಲ್ಟ್ ಮೊದಲು, ಶ್ಯಾಕಲ್ ಆಮೇಲೆ. ಎರಡಕ್ಕೂ ನಟ್ ಕೈಬಿಗಿ ಮಾತ್ರ. ಜಾಕ್ ಎತ್ತುತ್ತಾ ಸೆಂಟರ್ ಬೋಲ್ಟಿನ ತಲೆ ಸೀಟಿನ ತೂತಿಗೆ ಇಳಿಯುವಂತೆ ಹಾರೆಯಿಂದ ಆಕ್ಸಲ್ ಸರಿಸಿ. ಬೆರಳು ಹಾಕಿ ನೋಡುವ ಚಟ ಬೇಡ, ಟಾರ್ಚ್ ಹಾಕಿ ನೋಡಿ.

ಯೂ ಬೋಲ್ಟಿನ ನಟ್‌ಗಳನ್ನು ಎದುರು ಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ನಾಲ್ಕೂ ಕಾಲಿನಲ್ಲಿ ಹೊರಗುಳಿದ ಥ್ರೆಡ್ ಒಂದೇ ಸಮ ಇರಬೇಕು. ಕಂಪನಿಯ ಪುಸ್ತಕದಲ್ಲಿ ಟಾರ್ಕ್ ಅಂಕಿ ಇದ್ದರೆ ಅದೇ ಅಂತಿಮ. ಅಂದಾಜಿಗೆ ಹೇಳುವುದಾದರೆ 8.8 ದರ್ಜೆಯ 12 ಮಿಮೀ ಬೋಲ್ಟಿಗೆ 80 ನ್ಯೂಟನ್ ಮೀಟರ್, 14 ಮಿಮೀಗೆ 125ರ ಆಸುಪಾಸು. ಪಾನಾಕ್ಕೆ ಉದ್ದ ಪೈಪ್ ಸಿಕ್ಕಿಸಿ ಮೈಮೇಲೆ ಬಂದವರಂತೆ ಎಳೆದರೆ ಥ್ರೆಡ್ ಹಿಗ್ಗುತ್ತದೆ, ಹಿಡಿತ ಹೆಚ್ಚುವುದಿಲ್ಲ.

ಶಾಕ್ಅಬ್ಸಾರ್ಬರ್, ಕೇಬಲ್ಲು, ವಾಲ್ವ್ ಕಡ್ಡಿ, ಚಕ್ರ ಎಲ್ಲ ಕೂಡಿಸಿ ಗಾಡಿ ಇಳಿಸಿ. ಹಿಂದಿನ ಭಾಗವನ್ನು ನಾಲ್ಕಾರು ಸಲ ಒತ್ತಿ ಕುಣಿಸಿ. ಮುಂದಿನ ಬೋಲ್ಟ್ ಮತ್ತು ಶ್ಯಾಕಲ್ ನಟ್ ಪೂರ್ತಿ ಬಿಗಿ ಮಾಡುವುದು ಈಗ, ಚಕ್ರ ನೆಲದ ಮೇಲಿರುವಾಗ. ಗಾಡಿ ತೂಗಾಡುತ್ತಿರುವಾಗಲೇ ಬಿಗಿ ಮಾಡಿದರೆ ಬುಷ್‌ನ ರಬ್ಬರ್ ಆ ಕೋನಕ್ಕೆ ಅಂಟಿಕೊಳ್ಳುತ್ತದೆ. ಇಳಿಸಿದ ಕೂಡಲೇ ತಿರುಚಿ, ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಹೊಸ ಬುಷ್ ಒಂದು ಸುಗ್ಗಿಯೂ ಬರಲಿಲ್ಲ ಎನ್ನುವ ದೂರಿಗೆ ಹೆಚ್ಚಾಗಿ ಇದೇ ಕಾರಣ.

ನಂತರ ಎರಡೂ ಬದಿಯಲ್ಲಿ ಮುಂದಿನ ಹಬ್‌ನ ನಡುವಿನಿಂದ ಹಿಂದಿನ ಹಬ್‌ನ ನಡುವಿಗೆ ಅಳೆಯಿರಿ. ಸ್ಟೀರಿಂಗ್ ನೇರವಿದ್ದಾಗ ಎರಡೂ ಅಳತೆ ಹೊಂದಬೇಕು. ಬೆರಳಿನ ದಪ್ಪದಷ್ಟು ವ್ಯತ್ಯಾಸ ಬಂದರೆ ಸೆಂಟರ್ ಬೋಲ್ಟ್ ತೂತಿನಲ್ಲಿ ಕೂತಿಲ್ಲ, ಬಿಚ್ಚಿ ಮತ್ತೆ ಕೂರಿಸಿ. ಹೊಸ ಕಮಾನಿನಿಂದ ಹಿಂಭಾಗ ಎತ್ತರವಾದರೆ ಬ್ರೇಕ್ ವಾಲ್ವ್ ಗಾಡಿ ಖಾಲಿ ಇದೆ ಎಂದೇ ತಿಳಿದು ಹಿಂದಿನ ಬ್ರೇಕ್ ಕಡಿಮೆ ಕೊಡುತ್ತದೆ. ಕಡ್ಡಿಯ ಹೊಂದಾಣಿಕೆ ಬ್ರೇಕ್ ಗೊತ್ತಿದ್ದವರಿಂದ ಮಾಡಿಸಿ. ಹೆಡ್‌ಲೈಟ್ ಕೂಡ ತಗ್ಗಿರುತ್ತದೆ.

ಪಾಟಾ ಹೆಚ್ಚಿಸುವ ಆಸೆ

ಇನ್ನೊಂದು ಪಾಟಾ ಸೇರಿಸಿ, ದಪ್ಪಂದು ಹಾಕಿ ಎನ್ನುವವರು ದಿನಾ ಬರುತ್ತಾರೆ. ಪಾಟಾದ ಗಡುಸುತನ ದಪ್ಪದ ಘನಕ್ಕೆ ಏರುತ್ತದೆ: 7 ಮಿಮೀ ಜಾಗಕ್ಕೆ 8 ಮಿಮೀ ಹಾಕಿದರೆ ಆ ಪಾಟಾ ಹತ್ತಿರ ಹತ್ತಿರ ಒಂದೂವರೆ ಪಟ್ಟು ಗಡುಸು. ಕಮಾನು ಬಾಗದಿದ್ದರೆ ಗುಂಡಿಯ ಏಟು ಹ್ಯಾಂಗರಿಗೆ, ಚಾಸಿಗೆ, ಆಕ್ಸಲ್ ಹೌಸಿಂಗಿಗೆ ಹೋಗುತ್ತದೆ. ಅವು ಪಾಟಾದಷ್ಟು ಅಗ್ಗವಲ್ಲ. ತೊಗರಿ ಚೀಲವಾದರೆ ಎಣಿಸಿ ತೂಕ ಹೇಳಬಹುದು, ಫರ್ಸಿ ಕಣ್ಣಿಗೆ ಮೋಸ ಮಾಡುತ್ತದೆ. ಒಂದು ಇಂಚು ದಪ್ಪದ ಫರ್ಸಿ ಚದರ ಅಡಿಗೆ ಸುಮಾರು 6 ಕೆಜಿ. ಒಂದೂವರೆ ಇಂಚಿನದು 200 ಚದರ ಅಡಿ ಹೇರಿದರೆ 1,800 ಕೆಜಿ ಆಯಿತು, ಡಬ್ಬಿ ಇನ್ನೂ ಅರ್ಧ ಖಾಲಿಯೇ ಕಾಣುತ್ತದೆ. ಪಾಟಾ ಎಷ್ಟು ಹಾಕಿದರೂ ಆರ್‌ಸಿಯಲ್ಲಿ ಬರೆದ ತೂಕ ಬದಲಾಗದು. ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಲ್ಲಿ 2019ರ ತಿದ್ದುಪಡಿಯಿಂದ ಓವರ್‌ಲೋಡಿಗೆ 20,000 ರೂಪಾಯಿ, ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2,000.

ಮುರಿದ ಪಾಟಾಕ್ಕೆ ವೆಲ್ಡಿಂಗ್ ಕೂಡ ಬೇಡ. ಆ ಕಬ್ಬಿಣಕ್ಕೆ ಕೊಟ್ಟ ಹದ ಕಾವಿನಿಂದ ಹೋಗುತ್ತದೆ, ವೆಲ್ಡಿಂಗ್ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ.

ಮೊದಲ 50–100 ಕಿಮೀ ಓಡಿದ ಮೇಲೆ ಯೂ ಬೋಲ್ಟ್ ಮತ್ತೆ ಬಿಗಿ ಮಾಡಿ. ಪಾಟಾಗಳು ಒಂದರ ಮೇಲೊಂದು ಕೂತು, ಬಣ್ಣ ಸವೆದು ನಟ್ ಖಂಡಿತ ಸ್ವಲ್ಪ ತಿರುಗುತ್ತದೆ. 500 ಕಿಮೀಗೆ ಇನ್ನೊಮ್ಮೆ, ಆಮೇಲೆ ಪ್ರತಿ ಸರ್ವೀಸಿಗೆ. ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಪಾಟಾ ಸಂದಿಗೆ ನೀರಿನ ಪೈಪ್ ಹಿಡಿದು ಎರೆ ಮಣ್ಣು ತೊಳೆಯಿರಿ. ಸುಟ್ಟ ಇಂಜಿನ್ ಆಯಿಲ್ ಹೊಡೆಯುವ ರೂಢಿಯವರು ಹೊಡೆಯುವುದೇ ಆದರೆ ಸುರುಳಿಯ ಬುಷ್ ಮತ್ತು ಬ್ರೇಕ್ ಡ್ರಮ್ ಎರಡಕ್ಕೂ ಮೊದಲು ಪ್ಲಾಸ್ಟಿಕ್ ಸುತ್ತಿ; ಎಣ್ಣೆ ಕುಡಿದ ರಬ್ಬರ್ ಉಬ್ಬಿ ಹಿಟ್ಟಾಗುತ್ತದೆ.