ಒಣಗಿ ಉರಿಯುತ್ತಿದ್ದ ಕಣ್ಣು ಸರಿಹೋದದ್ದು ಹೀಗೆ

ದಿನವಿಡೀ ಜಿಎಸ್‌ಟಿ ಲೆಕ್ಕ ನೋಡುವ ಕೆಲಸ ನನ್ನದು. ಮಧ್ಯಾಹ್ನ ದಾಟಿದರೆ ಕಣ್ಣಿಗೆ ಮರಳು ಬಿದ್ದ ಹಾಗೆ ಉರಿ, ಸಂಜೆಗೆ ಅಂಕಿಗಳೆಲ್ಲ ಮಸುಕು. ಜೊತೆಗೆ ನೀರೂ ಸುರಿಯುತ್ತಿತ್ತು. ಒಣಗಿ ಕೆರಳಿದ ಕಣ್ಣೇ ಹೀಗೆ ನೀರು ಸುರಿಸುತ್ತದೆ ಎಂದರು ಕಣ್ಣಿನ ಡಾಕ್ಟರು.

ಮೂಲ ಇರುವುದು ರೆಪ್ಪೆಯಲ್ಲಿ. ನಿಮಿಷಕ್ಕೆ ಸುಮಾರು 15 ಸಲ ಬಡಿಯುವ ರೆಪ್ಪೆ, ಕಂಪ್ಯೂಟರ್ ಪರದೆ ಮುಂದೆ 5–7 ಸಲಕ್ಕೆ ಇಳಿಯುತ್ತದೆ, ಅದೂ ಅರ್ಧಂಬರ್ಧ. ಪೂರ್ತಿ ಮುಚ್ಚದಿದ್ದರೆ ರೆಪ್ಪೆಯಂಚಿನ ಗ್ರಂಥಿಗಳ ಎಣ್ಣೆ ಕಣ್ಣೀರಿನ ಮೇಲೆ ಹರಡುವುದಿಲ್ಲ. ತೇವ ಬೇಗ ಆರುತ್ತದೆ.

ನನಗೆ ಎಲ್ಲಕ್ಕಿಂತ ಫಲ ಕೊಟ್ಟದ್ದು ಮಾನಿಟರ್ ತಗ್ಗಿಸಿದ್ದು. ಮೇಲಂಚು ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗಿದ್ದರೆ ನೋಟ ಕೆಳಮುಖವಾಗಿ, ಕಣ್ಣು ಅಷ್ಟು ಅಗಲ ತೆರೆಯುವುದಿಲ್ಲ, ಗಾಳಿಗೆ ಒಡ್ಡಿಕೊಳ್ಳುವ ಭಾಗ ಕಡಿಮೆ. ಎಸಿ ಗಾಳಿಯನ್ನೂ ಮುಖದಿಂದ ಆಚೆ ತಿರುಗಿಸಿದೆ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ಮರವನ್ನು 20 ಸೆಕೆಂಡ್ ನೋಡುತ್ತೇನೆ, ಆಗಲೇ ನಿಧಾನವಾಗಿ, ಪೂರ್ತಿಯಾಗಿ ಕಣ್ಣು ಮುಚ್ಚಿ ತೆರೆಯುತ್ತೇನೆ. ರಾತ್ರಿ ಬೆಚ್ಚಗಿನ ಒದ್ದೆಬಟ್ಟೆಯ ಶಾಖ. ರೆಪ್ಪೆಯ ಗ್ರಂಥಿಗಳಲ್ಲಿ ಗಟ್ಟಿಯಾದ ಎಣ್ಣೆ ಕರಗಲು ಅದು ಬೇಕು.

ಡಾಕ್ಟರು ಬರೆದುಕೊಟ್ಟದ್ದು ಪ್ರಿಸರ್ವೇಟಿವ್ (ಕೆಡದಂತೆ ಸೇರಿಸುವ ರಾಸಾಯನಿಕ) ಇಲ್ಲದ ಕೃತಕ ಕಣ್ಣೀರಿನ ಹನಿ. ಕೆಂಪು ಹೋಗಿಸುವ ಹನಿಯನ್ನು ಅಂಗಡಿಯಿಂದ ತಂದು ದಿನಾ ಹಾಕಬೇಡಿ, ಬಿಟ್ಟಾಗ ಕೆಂಪು ಇನ್ನೂ ಹೆಚ್ಚಬಹುದು. ನೀಲಿ ಬೆಳಕು ತಡೆಯುವ ಕನ್ನಡಕಕ್ಕೆ ದುಡ್ಡು ಹಾಕಲಿಲ್ಲ. ಅದರಿಂದ ಕಣ್ಣಿನ ಆಯಾಸ ತಗ್ಗುವುದು ಅನುಮಾನವೆಂದೇ ವೈದ್ಯಕೀಯ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2023ರ ವಿಮರ್ಶೆಯೂ ಹೇಳಿತು. ನೋವಿದ್ದರೆ, ಬೆಳಕು ನೋಡಲಾಗದಿದ್ದರೆ ಮಾತ್ರ ಇದ್ಯಾವುದನ್ನೂ ಮಾಡುತ್ತ ಕೂರದೆ ನೇರ ಆಸ್ಪತ್ರೆಗೆ ಹೋಗಿ.