ಕೋಳಿ ಪಾಲಾಗ್ತಿದ್ದ ವಿಟಮಿನ್ ಅಕ್ಕಿ

ನಾನು ಕೊಡಗಿನ ಪೊನ್ನಂಪೇಟೆ ಕಡೆ ಅಂಗನವಾಡಿ ಕಾರ್ಯಕರ್ತೆ, ನಮ್ಮಲ್ಲಿಗೆ ಬರೋ ಮಕ್ಕಳು ಜಾಸ್ತಿ ತೋಟದ ಲೈನ್ ಮನೆಯವು, ಅಂದ್ರೆ ತೋಟದ ಕೆಲಸದವರು ಸಾಲಾಗಿ ಇರೋ ಮನೆಗಳವು. ಸಾರವರ್ಧಿತ ಅಕ್ಕಿ ಬರೋಕೆ ಶುರುವಾದಾಗ ಟ್ರೈನಿಂಗಲ್ಲಿ ಎಲ್ಲಾ ಹೇಳಿದ್ರು, ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಸಿಡ್, ಬಿ12 ಕಲಸಿ ಮೆಷಿನಲ್ಲಿ ಮತ್ತೆ ಕಾಳು ಮಾಡ್ತಾರೆ, ಮಾಮೂಲಿ ಅಕ್ಕಿ 100 ಕೆಜಿಗೆ ಅದು 1 ಕೆಜಿ ಬೆರೆಸ್ತಾರೆ, ರಕ್ತ ಕಮ್ಮಿ ಇರೋರಿಗೆ ಒಳ್ಳೇದು ಅಂತ. ಮೊರದ ವಿಷಯ ಮಾತ್ರ ಯಾರೂ ಎತ್ತಲಿಲ್ಲ.

ಆ ಕಾಳು ಒಂಚೂರು ಬೇರೆ ಬಣ್ಣ ಕಾಣುತ್ತೆ, ನೀರಲ್ಲಿ ಕೆಲವು ತೇಲುತ್ತೆ. ಅಕ್ಕಿ ಕೇರೋ ಹೆಂಗಸರ ಕಣ್ಣಿಗೆ ಬೀಳದೇ ಇರುತ್ತಾ? ಒಂದೊಂದೇ ಆರಿಸಿ ಕೋಳಿಗೆ ಎಸೆಯೋರು, ಉಳಿದಿದ್ದು ತೊಳೆಯೋವಾಗ ನೀರಿನ ಜೊತೆ ಹೋಗೋದು. "ಪ್ಲಾಸ್ಟಿಕ್ ಅಲ್ವಾ ಟೀಚರೇ, ವಾಟ್ಸಾಪಲ್ಲಿ ವಿಡಿಯೋ ಬಂದಿದೆ." ಚಾರ್ಟ್ ತೋರ್ಸಿ ಏನೂ ಉಪಯೋಗ ಇಲ್ಲ ಇದಕ್ಕೆ.

ಹಂಗಾಗಿ ತಾಯಂದಿರ ಮೀಟಿಂಗಲ್ಲಿ ಅವರ ಕೈಯಲ್ಲೇ ಆ ಕಾಳು ಆರಿಸಿಸ್ದೆ, ಬಿಸಿನೀರಿನ ಲೋಟಕ್ಕೆ ಹಾಕಿಟ್ಟು ಬೇರೆ ಮಾತಾಡ್ತಾ ಕೂತ್ವಿ, ಆಮೇಲೆ ಎರಡು ಬೆರಳಲ್ಲಿ ಹಿಸುಕಿ ಅಂದೆ. ಹಿಟ್ಟಾಗಿ ಬೆರಳಿಗೆ ಅಂಟ್ಕೊಳ್ತು. ಒಬ್ರು ಅಜ್ಜಿ ಮೂಸಿ ನೋಡಿ, ನಾಲಿಗೆಗೆ ಹಚ್ಕೊಂಡು, "ಅಕ್ಕಿ ಹಿಟ್ಟೇ ಕಣವ್ವ" ಅಂದ್ರು. ಲೈನಲ್ಲಿ ಆ ಅಜ್ಜಿ ಮಾತು ನಡೆಯುತ್ತೆ, ನನ್ನ ಮಾತಲ್ಲ.

ಈಗ ನಾನು ಹೇಳೋದು ಇಷ್ಟೇ: ಆರಿಸ್ಬೇಡಿ, ತುಂಬಾ ಸಲ ಉಜ್ಜಿ ತೊಳೀಬೇಡಿ, ಗಂಜಿ ಬಸಿದು ಚೆಲ್ಲೋ ಬದಲು ನೀರು ಅಳತೆಗೆ ಇಟ್ಟು ಇಂಗಿಸಿ. ಒಟ್ಟಿಗೆ ಹಿಟ್ಟು ಮಾಡ್ಸಿದ್ರೂ ಆ ಕಾಳು ಅದರ ಜೊತೇಲೇ ಇರಲಿ. ಕಷ್ಟ ಆಗಿರೋದು ಕಾಫಿ. ಊಟ ಆದ ತಕ್ಷಣ ಬೆಲ್ಲದ ಕಾಫಿ ಕುಡಿದ್ರೆ ಕಬ್ಬಿಣ ಮೈಗೆ ಸರಿಯಾಗಿ ಹಿಡಿಯಲ್ಲ, ಆದ್ರೆ ಕುಯ್ಲಿನ ಟೈಮಲ್ಲಿ ಕೊಡಗಲ್ಲಿ ಕಾಫಿ ಬಿಡಿ ಅಂದ್ರೆ ಯಾರು ಕೇಳ್ತಾರೆ, ಒಂದು ಗಂಟೆ ತಡೆದು ಕುಡೀರಿ, ಊಟಕ್ಕೆ ನಿಂಬೆಹಣ್ಣು ಹಿಂಡ್ಕೊಳ್ಳಿ ಅಂತೀನಿ. ಗರ್ಭಿಣಿಯರು ಅಕ್ಕಿ ನಂಬ್ಕೊಂಡು ಕಬ್ಬಿಣದ ಮಾತ್ರೆ ಬಿಡೋ ಹಾಗಿಲ್ಲ.

ನಮ್ಮ ಕಡೆ ಬುಡಕಟ್ಟಿನವರ ಹಾಡಿಗಳಲ್ಲಿ ಸಿಕಲ್ ಸೆಲ್ ಅನ್ನೋ, ಹುಟ್ಟಿನಿಂದಲೇ ಬರೋ ರಕ್ತದ ಕಾಯಿಲೆ ಇರೋರಿದ್ದಾರೆ. ಅವರು ಈ ಅಕ್ಕಿ ತಿನ್ಬಾರ್ದು ಅಂತ ಪ್ಯಾಕೆಟ್ ಮೇಲೆ ಹಾಕ್ಬೇಕು ಅಂತ ಮೊದಲು ನಿಯಮ ಇತ್ತು, 2024ರಲ್ಲಿ ತೆಗೆದ್ರು. ಆದ್ರೂ ಅಂಥ ಮನೆಯವರು ಕೇಳಿದ್ರೆ ನಾನೇ ಉತ್ತರ ಹೇಳಲ್ಲ, ರಿಪೋರ್ಟ್ ತಗೊಂಡು ಡಾಕ್ಟರ್ ಹತ್ರ ಬನ್ನಿ ಅಂತ ಜೊತೇಲೇ ಕರ್ಕೊಂಡು ಹೋಗ್ತೀನಿ.